ಸೀಸದ ಮೊಹರು

ಲಾರಿಯ ಡೀಸೆಲ್ ಪಂಪಿನ ಮಗ್ಗುಲಲ್ಲಿ ಒಂದು ಸ್ಕ್ರೂ ಇರುತ್ತದೆ. ಅದರ ತಲೆಗೊಂದು ತೂತು, ತೂತಿನೊಳಗೆ ಹೆಣೆದ ತಂತಿ, ತಂತಿಯ ತುದಿಗೆ ಹುಣಸೆ ಬೀಜದಷ್ಟು ಸೀಸದ ಮೊಹರು. 1985ರಲ್ಲಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಮುಗ್ಗರಿಸಿ, ಕಡೂರಿನಿಂದ ಬಂದು ಕಲಾಸಿಪಾಳ್ಯದ ಒಂದು ಪಂಪ್ ರೂಮಿಗೆ ಸೇರಿಕೊಂಡೆ. ಮೂರು ತಿಂಗಳು ಬರೀ ಪಂಪು ತೊಳೆದಿದ್ದಾಯಿತು. ನಾಲ್ಕನೇ ತಿಂಗಳು ಉಸ್ತಾದ್ ಕೈಗೆ ಕಟಿಂಗ್ ಪ್ಲೇಯರ್ ಕೊಟ್ಟು ಆ ತಂತಿ ತೋರಿಸಿದರು. ಕತ್ತರಿಸಿದೆ. ಮೊಹರನ್ನು ಮೋರಿಗೆ ಎಸೆಯಹೋದಾಗ ತಲೆಯ ಮೇಲೊಂದು ಮೊಟಕು ಬಿತ್ತು. ಅಟ್ಟಣಿಗೆಯ ಮೇಲಿದ್ದ ಡಾಲ್ಡಾ ಡಬ್ಬಿಯತ್ತ ಬೆರಳು ತೋರಿಸಿ ಹೇಳಿದರು: "ಎಸೀಬೇಡ ಮರಿ. ಎಷ್ಟು ಬಾಯಿ ಬಿಚ್ಚಿಸಿದ್ದೀವಿ ಅಂತ ನಮಗಾದರೂ ಲೆಕ್ಕ ಇರಲಿ."

ಆ ಸ್ಕ್ರೂ ಇಂಜಿನ್ನಿಗೆ ಹೆಚ್ಚೆಂದರೆ ಎಷ್ಟು ಎಣ್ಣೆ ಹೋಗಬಹುದು ಎನ್ನುವುದಕ್ಕೆ ಕಂಪನಿ ಹಾಕಿದ ಕಟ್ಟುಪಾಡು. ಮೊಹರು ಆ ಕಟ್ಟುಪಾಡಿನ ಮೇಲಿನ ರುಜು. ಇವತ್ತು ನನ್ನ ಗ್ಯಾರೇಜಿಗೆ ಬರುವ ಹುಡುಗರು "ಅಂಕಲ್, ಸ್ಟೇಜ್ ಒನ್ ಎಷ್ಟಾಗುತ್ತೆ? ಚಿಪ್ ಹಾಕಿಸಿದರೆ ಎಷ್ಟು ಕುದುರೆ ಜಾಸ್ತಿ?" ಎಂದು ಕೇಳುತ್ತಾರೆ. ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಕಸುಬು ಇದು ಅಂತ ಅವರ ಎಣಿಕೆ. ನನಗೆ ಮಾತ್ರ ಪ್ರತಿ ಸಲ ಆ ಡಾಲ್ಡಾ ಡಬ್ಬಿಯೇ ಕಣ್ಣ ಮುಂದೆ ಬರುತ್ತದೆ.

ಡೀಸೆಲ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿದ್ದು ಜರ್ಮನಿಯ ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಕಂಪನಿ, 1927ರಲ್ಲಿ. ನಮ್ಮಲ್ಲಿಗೆ ಅದು ಬಂದದ್ದು ಮೈಕೋ ಹೆಸರಿನಲ್ಲಿ. ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿದ್ದು 1951ರಲ್ಲಿ. ಆಡುಗೋಡಿಯಲ್ಲಿ ಕಾರ್ಖಾನೆ ಎದ್ದು ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು, ನಾಜಲ್ಲು ಬೆಂಗಳೂರಿನಲ್ಲೇ ತಯಾರಾಗತೊಡಗಿದವು. 2008ರಲ್ಲಿ ಕಂಪನಿ ತನ್ನ ಹೆಸರನ್ನು ಬಾಷ್ ಎಂದು ಬದಲಿಸಿಕೊಂಡಿತು. ಲಾರಿಯವರ ಬಾಯಲ್ಲಿ ಈಗಲೂ ಅದು ಮೈಕೋ ಪಂಪೇ. ಬೆಂಗಳೂರಿನ ಒಂದು ಬಡಾವಣೆಯ ಹೆಸರಾಗಿಯೂ ಉಳಿದಿದೆ.

ಪಂಪಿನ ಒಳಗೆ ಸಿಲಿಂಡರಿಗೊಂದರಂತೆ ಪ್ಲಂಜರ್ರು-ಬ್ಯಾರೆಲ್ಲಿನ ಜೋಡಿ. ನಮ್ಮ ಬಾಯಲ್ಲಿ ಅದಕ್ಕೆ ಎಲಿಮೆಂಟು. ಎರಡರ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು, ಅಷ್ಟೆ. ಒಂದು ಜೋಡಿಯ ಪ್ಲಂಜರ್ರನ್ನು ಇನ್ನೊಂದರ ಬ್ಯಾರೆಲ್ಲಿಗೆ ಹಾಕುವಂತಿಲ್ಲ. ಗಂಡಹೆಂಡಿರ ಹಾಗೆ ಅಂತ ಉಸ್ತಾದ್ ಹೇಳುತ್ತಿದ್ದರು, ತಾವು ಮಾತ್ರ ಮದುವೆಯಾಗಿರಲಿಲ್ಲ. ಪಂಪನ್ನು ಟೆಸ್ಟ್ ಬೆಂಚಿಗೆ ಕಟ್ಟಿ ತಿರುಗಿಸಿದರೆ ಮೇಲೆ ಸಾಲಾಗಿ ನಿಲ್ಲಿಸಿದ ಆರು ಗಾಜಿನ ಕೊಳವೆಗಳಿಗೆ ಎಣ್ಣೆ ಬೀಳುತ್ತದೆ. ಸಾವಿರ ಹೊಡೆತ ಎಣಿಸಿ ನಿಲ್ಲಿಸಬೇಕು. ನೊರೆ ಇಳಿಯುವ ತನಕ ಕಾಯಬೇಕು. ಆಮೇಲೆ ಬಗ್ಗಿ, ಕಣ್ಣನ್ನು ಎಣ್ಣೆಯ ಮಟ್ಟಕ್ಕೇ ತಂದು ಆರೂ ಕೊಳವೆ ಓದಬೇಕು. ಎಲ್ಲದರಲ್ಲೂ ಒಂದೇ ಅಳತೆ ಬಿದ್ದಿರಬೇಕು, ಆ ಅಳತೆ ಕಂಪನಿಯ ಚಾರ್ಟಿಗೆ ಕೂಡಬೇಕು. ಗಣಿತದಲ್ಲಿ ಫೇಲಾದ ನನಗೆ ಈ ಗಣಿತ ಹೇಗೋ ಹತ್ತಿತು.

ಲಾರಿಯವರಿಗೆ ಚಾರ್ಟು ಬೇಕಿರಲಿಲ್ಲ. ಮಂಗಳೂರಿನಿಂದ ಹೆಂಚು ಹೇರಿಕೊಂಡು ಗುಂಡ್ಯ ದಾಟಿ ಶಿರಾಡಿ ಹತ್ತುವ ಡ್ರೈವರ್ ಮೊದಲನೇ ಗೇರಿನಲ್ಲಿ ತೆವಳುತ್ತಾ ಹಿಂದಿನವರ ಬೈಗುಳ ಕೇಳಿಸಿಕೊಂಡಿರುತ್ತಾನೆ. ನಮ್ಮ ಬಾಗಿಲಿಗೆ ಬಂದು ಒಂದೇ ಮಾತು: "ಗಾಡಿ ಎಳೀತಿಲ್ಲ, ಎಣ್ಣೆ ಜಾಸ್ತಿ ಬಿಡಿ." ಉಸ್ತಾದ್ ಆರೂ ಕೊಳವೆಗೆ ಒಂದು ಸಿಸಿ, ಹೆಚ್ಚೆಂದರೆ ಎರಡು ಸಿಸಿ ಏರಿಸುತ್ತಿದ್ದರು. ಅದಕ್ಕಿಂತ ಮೇಲೆ ಯಾರು ಎಷ್ಟು ಕೊಟ್ಟರೂ ಇಲ್ಲ. ಕಾರಣ ಸೀದಾ ಸಾದಾ. ಎಣ್ಣೆ ಉರಿಯಲು ಗಾಳಿ ಬೇಕು. ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇಲ್ಲದ ಇಂಜಿನ್ನು ಎಳೆದುಕೊಳ್ಳುವ ಗಾಳಿ ಇಷ್ಟೇ ಅಂತ ಗೊತ್ತು. ಹಸಿ ಸೌದೆ ತುರುಕಿದ ಒಲೆಯ ಹಾಗೆ, ಹೆಚ್ಚಿಗೆ ಹೋದ ಎಣ್ಣೆ ಅರೆಬರೆ ಉರಿದು ಕರಿಹೊಗೆಯಾಗಿ ಹೊರಗೆ ಹೋಗುತ್ತದೆ. ಶಾಖ ಏರಿ ಪಿಸ್ಟನ್ನಿನ ನೆತ್ತಿ ಕರಗುತ್ತದೆ. ಪಕ್ಕದ ಬೀದಿಯ ಒಬ್ಬ ಐದು ಸಿಸಿ ಏರಿಸಿ ಹೆಸರು ಮಾಡಿದ್ದ. ಅವನ ಗಿರಾಕಿಗಳ ಪಿಸ್ಟನ್ನುಗಳು ಗುಜರಿಯಲ್ಲಿ ಸಿಗುತ್ತಿದ್ದವು, ನೆತ್ತಿಯಲ್ಲಿ ಹೆಬ್ಬೆರಳು ತೂರುವಷ್ಟು ತೂತು.

ಹಾಗಾದರೆ ಕಂಪನಿಯವರು ಆ ಎರಡು ಸಿಸಿಯನ್ನು ಯಾಕೆ ಬಿಟ್ಟಿರುತ್ತಾರೆ? ಹುಡುಗನಾಗಿದ್ದಾಗ ಕೇಳಿದ್ದೆ. ಉಸ್ತಾದ್ ಬೀಡಿ ಕಚ್ಚಿಕೊಂಡು, "ಅದು ನಿಂದೂ ಅಲ್ಲ, ಲಾರಿಯವನದೂ ಅಲ್ಲ. ಬೇರೆ ಯಾರದೋ" ಎಂದಿದ್ದರು. ಯಾರದು ಅಂತ ಹೇಳಲಿಲ್ಲ. ಆ ಉತ್ತರವನ್ನು ಬಿಡಿಸಿಕೊಳ್ಳಲು ನನಗೆ ಇಪ್ಪತ್ತು ಇಪ್ಪತ್ತೈದು ವರ್ಷ ಹಿಡಿಯಿತು.

ಪೆಟ್ರೋಲ್ ಗಾಡಿಯ ಟ್ಯೂನಿಂಗು ಬೇರೆ ಜಾತಿ, ಬೇರೆ ಬೀದಿ. ಕಲಾಸಿಪಾಳ್ಯದಿಂದ ನಡೆದರೆ ಹತ್ತು ನಿಮಿಷಕ್ಕೆ ಜೆ.ಸಿ. ರೋಡು. ಅಲ್ಲಿ ಕಾರ್ಬುರೇಟರ್ ಮೇಸ್ತ್ರಿಗಳು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲಿದೆ. ಮದ್ರಾಸಿಗೆ ಹೋಲಿಸಿದರೆ ಗಾಳಿ ಸುಮಾರು ಹತ್ತರಲ್ಲೊಂದು ಪಾಲು ತೆಳು. ಅಲ್ಲಿ ಸರಿಯಾಗಿ ಓಡುತ್ತಿದ್ದ ಫಿಯಟ್ಟು ಇಲ್ಲಿಗೆ ಬಂದರೆ ಪೆಟ್ರೋಲು ಹೆಚ್ಚಾಗಿ ಉಬ್ಬಸ ಪಡುತ್ತಿತ್ತು. ಮೇಸ್ತ್ರಿ ಮೇನ್ ಜೆಟ್ಟನ್ನು ಬಾಯಿಗಿಟ್ಟು ಊದಿ, ಬೆಳಕಿಗೆ ಹಿಡಿದು ನೋಡಿ, ಒಂದು ನಂಬರ್ ಸಣ್ಣದು ಹಾಕುತ್ತಿದ್ದ. ಶೋಲಾವರಂ ರೇಸಿಗೆ ಹೋಗುವವರು ಸಿಲಿಂಡರ್ ಹೆಡ್ಡನ್ನು ಉಜ್ಜಿಸಿ, ಗಾಳಿಯ ದಾರಿಗಳನ್ನು ಅಗಲ ಮಾಡಿಸಿಕೊಳ್ಳುತ್ತಿದ್ದರು. 1985ರಲ್ಲಿ ಆರ್‌ಎಕ್ಸ್ 100 ಬಂತು. ಆಮೇಲೆ ಆ ಕೆಲಸ ಕಾಲೇಜು ಹುಡುಗರ ಕೈಗೆ ಹೋಯಿತು, ಜೆ.ಸಿ. ರೋಡಿನಲ್ಲಿ ಅರವನ್ನು ಹಿಡಿದವನೆಲ್ಲ ಟ್ಯೂನರ್ ಆದ. ಅದನ್ನೆಲ್ಲ ಬಲ್ಲವರು ಬೇರೆ ಬರೆದಾರು. ನಮ್ಮ ಪಂಪ್ ರೂಮಿನವರಿಗೆ ಅವರ ಬಗ್ಗೆ ತುಸು ತಾತ್ಸಾರವೇ ಇತ್ತು. ಅವರಲ್ಲಿ ಅಳತೆಯ ಗಾಜಿನ ಕೊಳವೆ ಇರಲಿಲ್ಲ, ಕಿವಿ ಮಾತ್ರ ಇತ್ತು.

ಈ ನಡುವೆ ದೂರದಲ್ಲಿ ಬೇರೆಯೇ ಒಂದು ನಡೆದಿತ್ತು. 1979ರಲ್ಲಿ ಬಾಷ್‌ನವರು ಬಿಎಂಡಬ್ಲ್ಯು 732ಐ ಕಾರಿಗೆ ಮೋಟ್ರಾನಿಕ್ ಎಂಬ ಪೆಟ್ಟಿಗೆ ಹಾಕಿದರು. ಪೆಟ್ರೋಲು ಎಷ್ಟು ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು, ಎರಡನ್ನೂ ಒಂದೇ ಕಂಪ್ಯೂಟರ್ ತೀರ್ಮಾನಿಸುವ ಏರ್ಪಾಡು. ಅದು ಪ್ರತಿ ಸಲ ಕೂತು ಲೆಕ್ಕ ಹಾಕುವುದಿಲ್ಲ. ಮೊದಲೇ ಬರೆದಿಟ್ಟ ಕೋಷ್ಟಕ ನೋಡುತ್ತದೆ. ಅಡ್ಡಕ್ಕೆ ಇಂಜಿನ್ನಿನ ವೇಗ, ಉದ್ದಕ್ಕೆ ಅದರ ಮೇಲಿನ ಹೊರೆ, ಎರಡೂ ಕೂಡುವ ಮನೆಯಲ್ಲಿ ಒಂದು ಅಂಕಿ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಮಗ್ಗಿಯ ಹಾಗೆ. ಈ ಕೋಷ್ಟಕಕ್ಕೇ ಕಸುಬಿನಲ್ಲಿ ಮ್ಯಾಪ್ ಅನ್ನುವುದು.

ಮ್ಯಾಪ್ ಕೂತಿರುವುದು ಒಂದು ಚಿಪ್ಪಿನಲ್ಲಿ. ಚಿಪ್ಪನ್ನು ಕೀಳಲು ಬಾರದ ಹಾಗೆ ಬೆಸುಗೆ ಹಾಕಿಬಿಟ್ಟಿದ್ದರೆ ಈ ಕಸುಬು ಇಷ್ಟು ಬೇಗ ಹುಟ್ಟುತ್ತಿರಲಿಲ್ಲವೇನೋ. ಆದರೆ 1981ರಿಂದ ಅಮೆರಿಕದ ಜನರಲ್ ಮೋಟಾರ್ಸ್ ತನ್ನ ಕಾರುಗಳಲ್ಲಿ ಚಿಪ್ಪನ್ನು ಕಿತ್ತು ಹಾಕುವ ಹಾಗೆಯೇ ಇಟ್ಟಿತು. ಒಂದೇ ಪೆಟ್ಟಿಗೆ ಹತ್ತಾರು ಮಾದರಿಗೆ ಒಗ್ಗಬೇಕು. ಮಾದರಿಗೆ ತಕ್ಕ ಚಿಪ್ಪು ಸಿಕ್ಕಿಸಿದರೆ ಆಯಿತು. ಗೋದಾಮಿನ ಅನುಕೂಲಕ್ಕೆ ಮಾಡಿದ ಈ ಉಳಿತಾಯವೇ ಹೊರಗಿನವರಿಗೆ ಬಾಗಿಲಾಯಿತು. ಕಂಪನಿ ಸಿಕ್ಕಿಸಬಹುದಾದರೆ ನಾವೂ ಸಿಕ್ಕಿಸಬಹುದಲ್ಲ! ಎಂಬತ್ತರ ದಶಕದಲ್ಲಿ ಅಮೆರಿಕ, ಜರ್ಮನಿ, ಇಂಗ್ಲೆಂಡುಗಳಲ್ಲಿ ಅಂಗಡಿಗಳು ತಲೆಯೆತ್ತಿದವು. ಟರ್ಬೋ ಇರುವ ಕಾರಿಗಂತೂ ಹಬ್ಬ, ಗಾಳಿಯ ಒತ್ತಡದ ಮನೆಯಲ್ಲಿ ಅಂಕಿ ಬದಲಾಯಿಸಿದರೆ ಕಾರಿನ ಗುಣವೇ ಬದಲು.

ನಾನು ಮೊದಲ ಚಿಪ್ಪು ನೋಡಿದ್ದು 1996ರಲ್ಲಿ. ಲಂಡನ್ನಿನಿಂದ ವಾಪಸ್ಸಾದ ಡಾಕ್ಟರೊಬ್ಬರು 1989ರ ಬಿಎಂಡಬ್ಲ್ಯು ತಂದಿದ್ದರು. ಜಯನಗರದಿಂದ ಹೊರಟು ಮಿನರ್ವ ಸರ್ಕಲ್ಲಿನ ಏರಿಗೆ ಬರುವಷ್ಟರಲ್ಲಿ ಇಂಜಿನ್ನು ಒಳಗಿನಿಂದ ಯಾರೋ ಸುತ್ತಿಗೆಯಲ್ಲಿ ಬಡಿದಂತೆ ಕುಟ್ಟುತ್ತಿತ್ತು. ಆ ಕಾರು ಹುಟ್ಟಿದ್ದು 95 ಆಕ್ಟೇನ್ ಪೆಟ್ರೋಲಿಗೆ. ನಮ್ಮ ಬಂಕಿನಲ್ಲಿ ಆಗ ಸಾಮಾನ್ಯವಾಗಿ ಸಿಗುತ್ತಿದ್ದದ್ದು 87. ಹಳೆಯ ಗಾಡಿಯಾಗಿದ್ದರೆ ಡಿಸ್ಟ್ರಿಬ್ಯೂಟರ್ ಹಿಡಿದು ಒಂದು ಕೂದಲೆಳೆ ಹಿಂದಕ್ಕೆ ತಿರುಗಿಸಿದರೆ ಮುಗಿಯಿತು. ಇದರಲ್ಲಿ ತಿರುಗಿಸಲು ಏನೂ ಇಲ್ಲ. ಕಿಡಿಯ ಹೊತ್ತು ಚಿಪ್ಪಿನಲ್ಲಿದೆ.

ಎಸ್.ಪಿ. ರೋಡಿನಲ್ಲಿ ನನಗೊಬ್ಬ ಗೆಳೆಯ. ಗಣೇಶನ ಪೆಂಡಾಲುಗಳ ಮುಂದೆ ಕುಣಿಯುವ ದೀಪದ ಬೋರ್ಡು ಮಾಡುತ್ತಿದ್ದ. ನವಿಲು ಗರಿ ಬಿಚ್ಚುವುದು, ಇಲಿ ಓಡುವುದು, ಎಲ್ಲಾ. ಆ ಕುಣಿತವೂ ಇಂಥದ್ದೇ ಚಿಪ್ಪಿನಲ್ಲಿ ಬರೆದದ್ದು. ಗ್ಲವ್ ಬಾಕ್ಸಿನ ಮೇಲ್ಗಡೆಯಿಂದ ಪೆಟ್ಟಿಗೆ ಬಿಚ್ಚಿ, ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಅವನ ಅಂಗಡಿಗೆ ಒಯ್ದೆ. ಮುಚ್ಚಳ ತೆಗೆದ. ಇಪ್ಪತ್ತೆಂಟು ಕಾಲಿನ ಒಂದು ಜರಿಹುಳ, ಬೆನ್ನ ಮೇಲೆ ಕಾಗದದ ಚೀಟಿ. ಚೀಟಿ ಸುಲಿದರೆ ಕೆಳಗೆ ಪುಟ್ಟ ಗಾಜಿನ ಕಿಟಕಿ. ಕಿಟಕಿಯೊಳಗೆ ಮಗುವಿನ ಕಿರುಬೆರಳ ಉಗುರಿನಷ್ಟು ಬೂದು ಹರಳು, ಅದರಿಂದ ನಾಲ್ಕು ದಿಕ್ಕಿಗೆ ಹೊರಟ ಚಿನ್ನದ ಬಣ್ಣದ ಎಳೆಗಳು. "ಇದರ ಮೇಲೆ ಅಲ್ಟ್ರಾವಯಲೆಟ್ ಬೆಳಕು ಇಪ್ಪತ್ತು ನಿಮಿಷ ಬಿಟ್ಟರೆ ಬರೆದದ್ದೆಲ್ಲ ಅಳಿಸಿಹೋಗುತ್ತೆ. ಬಿಸಿಲಿಗಿಟ್ಟರೂ ಒಂದು ವಾರಕ್ಕೆ ಮರೆತುಬಿಡುತ್ತೆ, ಅದಕ್ಕೇ ಚೀಟಿ," ಎಂದ. ನಾನು ಆ ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಅಭ್ಯಾಸ. ರಾತ್ರಿ ಡಬ್ಬಿಗೆ ಹೋಯಿತು.

ಓದಿದಾಗ ಪರದೆಯ ತುಂಬ 32,768 ಅಂಕಿಗಳ ಇರುವೆ ಸಾಲು. ಯಾವುದು ಕಿಡಿ, ಯಾವುದು ಪೆಟ್ರೋಲು, ಯಾವುದು ಕಂಪ್ಯೂಟರಿನ ಸ್ವಂತ ಬುದ್ಧಿ ಅಂತ ಎಲ್ಲೂ ಬರೆದಿಲ್ಲ. ಗೆಳೆಯ ಅಂಕಿಗಳನ್ನು ಗೆರೆಗಳಾಗಿ ಬಿಡಿಸಿದ. ಬಹುಪಾಲು ಬರೀ ಕುರುಚಲು ಕಾಡು. ನಡುವೆ ಒಂದೆರಡು ಕಡೆ ಮಾತ್ರ ಮೆಲ್ಲಗೆ ಏರಿ, ಮೆಲ್ಲಗೆ ಇಳಿದು, ಮತ್ತೆ ಏರುವ ಗುಡ್ಡದ ಸಾಲು. "ಇದು ಮನುಷ್ಯ ಮಾಡಿದ್ದು," ಎಂದ ಅವನು. ಅವನಿಗೆ ಕಾರಿನ ಬಗ್ಗೆ ಏನೂ ಗೊತ್ತಿರಲಿಲ್ಲ, ನನಗೆ ಚಿಪ್ಪಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೆ ಆ ಗುಡ್ಡದ ಇಳಿಜಾರು ಕಂಡ ಕೂಡಲೇ ನನಗೆ ಗುರುತು ಸಿಕ್ಕಿತು. ಟೆಸ್ಟ್ ಬೆಂಚಿನ ಮೇಲೆ ಪಂಪಿನ ಗವರ್ನರ್ ವೇಗಕ್ಕೆ ತಕ್ಕಂತೆ ಎಣ್ಣೆಯನ್ನು ಏರಿಸಿ ಇಳಿಸುವ ರೀತಿ ಅದೇ.

ಪೂರ್ತಿ ಹೊರೆಯ ಸಾಲಿನಲ್ಲಿ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಇಳಿಸಿ ಹೊಸ ಚಿಪ್ಪು ಬರೆದೆವು. ಅಂದರೆ ನಾನು ಮಾಡಿದ ಮೊದಲ ಚಿಪ್ಪಿನ ಕೆಲಸ ಶಕ್ತಿ ಕಡಿಮೆ ಮಾಡುವುದಕ್ಕೆ! ಕುಟ್ಟುವುದು ನಿಂತಿತು. ಡಾಕ್ಟರು ಮೈಸೂರುಪಾಕಿನ ಡಬ್ಬಿ ತಂದರು. ಎರಡು ತಿಂಗಳಿಗೆ ಇನ್ನೊಂದಿಷ್ಟು ಸರಿಪಡಿಸೋಣವೆಂದು ಬಿಚ್ಚಿ, ಅವಸರದಲ್ಲಿ ಚಿಪ್ಪನ್ನು ಹಿಂದು ಮುಂದಾಗಿ ಸಾಕೆಟ್ಟಿಗೆ ಒತ್ತಿ ಕೀ ತಿರುಗಿಸಿದೆ. ಸುಟ್ಟ ಅಗರಬತ್ತಿಯಂಥ ವಾಸನೆ. ಚಿಪ್ಪಿನ ಜೊತೆ ಪೆಟ್ಟಿಗೆಯೂ ಹೋಯಿತು. ಬೇರೆ ಪೆಟ್ಟಿಗೆ ಲಂಡನ್ನಿನಿಂದ ಬರುವ ತನಕ ನಲವತ್ತು ದಿನ ಡಾಕ್ಟರು ಆಟೋದಲ್ಲಿ ಆಸ್ಪತ್ರೆಗೆ ಹೋದರು. ಅದರ ದುಡ್ಡು ತೀರಿಸಲು ನಾನು ಒಂದೂವರೆ ವರ್ಷ ಪಂಪು ಕಟ್ಟಿದೆ.

2000ದ ಏಪ್ರಿಲ್‌ನಿಂದ ದೇಶಕ್ಕೆಲ್ಲ ಯೂರೋ ಒಂದಕ್ಕೆ ಸಮನಾದ ಹೊಗೆಯ ನಿಯಮ ಬಂತು. ಕಾರ್ಬುರೇಟರಿನ ಕಾಲ ಮುಗಿಯುತ್ತಾ ಬಂತು. ಮಾರುತಿಗಳ ಹಿಂದೆ ಎಂಪಿಎಫ್‌ಐ ಎಂಬ ಅಕ್ಷರಗಳು ಕಾಣಿಸಿಕೊಂಡವು. ಜನ ಅದನ್ನು ಡಿಗ್ರಿಯ ಹಾಗೆ ಹೆಮ್ಮೆಯಿಂದ ಹೇಳಿಕೊಂಡರು. ಜೆ.ಸಿ. ರೋಡಿನ ಜೆಟ್ಟು ಊದುವ ಮೇಸ್ತ್ರಿಗಳಲ್ಲಿ ಕೆಲವರು ಸೀಟು ಕವರ್ ಅಂಗಡಿಗೆ ತಿರುಗಿಕೊಂಡರು. ಚಿಪ್ಪಿನ ಕಿಟಕಿಯೂ ಮುಚ್ಚಿತು. ಹೊಸದು ಫ್ಲ್ಯಾಷ್ ಮೆಮೊರಿ. ಬಿಸಿಲಿಗೆ ಅಂಜುವುದಿಲ್ಲ, ಕೀಳುವ ಅಗತ್ಯವಿಲ್ಲ, ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಕೇಬಲ್ ಚುಚ್ಚಿ ಅಳಿಸಿ ಬರೆಯಬಹುದು. ಮೊಹರು ಈಗ ಒಂದು ಕೂಡುಲೆಕ್ಕ: ಒಳಗಿನ ಅಂಕಿಗಳನ್ನೆಲ್ಲ ಕೂಡಿದರೆ ಇಂತಿಷ್ಟು ಬರಬೇಕು, ಬಾರದಿದ್ದರೆ ಗಾಡಿ ಮುನಿಸಿಕೊಳ್ಳುತ್ತದೆ. ನಾವು ಅಂಕಿ ತಿದ್ದುತ್ತಿದ್ದೆವು, ಕೂಡುಲೆಕ್ಕವನ್ನೂ ತಿದ್ದುತ್ತಿದ್ದೆವು. ಅದನ್ನು ಡಬ್ಬಿಗೆ ಹಾಕುವ ದಾರಿ ಮಾತ್ರ ತಿಳಿಯಲಿಲ್ಲ.

ಆಗ ಬಂದ ಸ್ಕೋಡಾ ಆಕ್ಟೇವಿಯಾದ 1.8 ಟರ್ಬೋ ಇಂಜಿನ್ನು ನಮ್ಮ ಕಸುಬಿಗೆ ಕಾಮಧೇನು. ಕಂಪನಿ ಕೊಟ್ಟ ನೂರೈವತ್ತು ಕುದುರೆಯನ್ನು ನೂರ ತೊಂಬತ್ತರ ಹತ್ತಿರಕ್ಕೆ ಬರೀ ಅಂಕಿಯಿಂದ ಒಯ್ಯಬಹುದಿತ್ತು. ಟರ್ಬೋ ಇಲ್ಲದ ಕಾರಿಗೆ ಅದೇ ಹಣ ಸುರಿದರೆ ಸಿಗುವುದು ಐದಾರು ಕುದುರೆ. ಇದನ್ನು ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಪಕ್ಕದವನು ಹೇಳುವುದಿಲ್ಲ.

ಜಾತ್ರೆ ನೆರೆದದ್ದು ಡೀಸೆಲ್ಲಿನಲ್ಲಿ. ಕಾಮನ್ ರೈಲ್ ಎಂಬ ಏರ್ಪಾಡನ್ನು ಇಟಲಿಯ ಫಿಯಟ್ ಬಳಗ ರೂಪಿಸಿ, ಬಾಷ್‌ಗೆ ಒಪ್ಪಿಸಿ, 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನಲ್ಲಿ ಮಾರುಕಟ್ಟೆಗೆ ತಂದಿತ್ತು. ಸಿಲಿಂಡರಿಗೊಂದು ಎಲಿಮೆಂಟಿನ ಬದಲು ಎಲ್ಲಕ್ಕೂ ಸೇರಿ ಒಂದೇ ಕೊಳವೆ, ಅದರಲ್ಲಿ ಸದಾ ಒತ್ತಡದಲ್ಲಿರುವ, ಹೊರೆ ಏರಿದಾಗ ಸಾವಿರ ಬಾರ್ ದಾಟುವ ಎಣ್ಣೆ, ಬಾಯಿ ತೆರೆದು ಮುಚ್ಚುವ ಅಪ್ಪಣೆ ಕಂಪ್ಯೂಟರಿನದು. ಹತ್ತು ವರ್ಷ ಕಳೆದು, 2007ರಲ್ಲಿ, ಫಿಯಟ್ಟಿನದೇ 1248 ಸಿಸಿಯ ಇಂಜಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಸ್ವಿಫ್ಟ್ ಡೀಸೆಲ್ ಬಂತು. 75 ಕುದುರೆ, 190 ನ್ಯೂಟನ್ ಮೀಟರ್. ಆಮೇಲೆ ಅದೇ ಇಂಜಿನ್ನು ಬೇರೆ ಟರ್ಬೋ ತೊಟ್ಟು ಬೇರೆ ಕಾರುಗಳಲ್ಲಿ 90 ಕುದುರೆಯಾಗಿ ಕಾಣಿಸಿಕೊಂಡಿತು. ಗಿರಾಕಿಗಳು ಓದಿಕೊಂಡು ಬರುತ್ತಿದ್ದರು: "ಅದಕ್ಕೆ ತೊಂಬತ್ತು, ನನಗೆ ಎಪ್ಪತ್ತೈದೇ? ನನ್ನ ಹದಿನೈದು ಎಲ್ಲಿ?" ಆಸ್ತಿಯಲ್ಲಿ ಪಾಲು ಕೇಳುವ ದನಿಯೇ ಅದು.

ಪೆಟ್ಟಿಗೆ ಬಿಚ್ಚಲು ಹೆದರುವವರಿಗೆ ಇನ್ನೊಂದು ಪೆಟ್ಟಿಗೆ ಬಂತು, ಟ್ಯೂನಿಂಗ್ ಬಾಕ್ಸು. ಕೊಳವೆಯ ಒತ್ತಡ ಅಳೆಯುವ ಸೆನ್ಸರಿಗೂ ಕಂಪ್ಯೂಟರಿಗೂ ನಡುವೆ ಅದನ್ನು ಸಿಕ್ಕಿಸುವುದು. ಸೆನ್ಸರು ಸಾವಿರದ ಇನ್ನೂರು ಅಂದರೆ ಈ ಮಧ್ಯವರ್ತಿ ಸಾವಿರದ ನೂರು ಅಂತ ಕಂಪ್ಯೂಟರಿಗೆ ಚಾಡಿ ಹೇಳುತ್ತದೆ. ಅದು ಅಯ್ಯೋ ಕಡಿಮೆಯಾಯಿತಲ್ಲ ಎಂದು ಒತ್ತಡ ಏರಿಸುತ್ತದೆ. ಎಣ್ಣೆ ಹೆಚ್ಚಿಗೆ ಹೋಗುತ್ತದೆ. ತಂತಿ ಕತ್ತರಿಸದೆಯೇ ಸ್ಕ್ರೂ ತಿರುಗಿಸುವ ವಿದ್ಯೆ, ಬುದ್ಧಿವಂತರದೇ. ಆದರೆ ಪೇಟೆಯಲ್ಲಿ ಅದರ ಹೆಸರಿನಲ್ಲಿ ಬಂದ ಎಲ್ಲವೂ ಅದಲ್ಲ. ಒಬ್ಬ ಹುಡುಗ ಸ್ಟಿಯರಿಂಗಿನ ಕೆಳಗೆ ಚುಚ್ಚುವ, ಬೆಂಕಿಪೊಟ್ಟಣದಷ್ಟು ದೊಡ್ಡ "ಚಿಪ್ಪು" ತಂದ. ಮೂವತ್ತೈದು ಪರ್ಸೆಂಟ್ ಪವರ್ ಅಂತ ಮೇಲೆ ಅಚ್ಚು. ಚುಚ್ಚಿದ ದಿನದಿಂದ ಕಾರು ಹಾರುತ್ತಿದೆ ಅಂತ ಆಣೆ ಹಾಕಿದ. ಅವನೆದುರಿಗೇ ಉಗುರಿನಿಂದ ಮುಚ್ಚಳ ಎಬ್ಬಿಸಿದೆ. ಮೂರು ಬಣ್ಣದ ಪುಟ್ಟ ದೀಪ, ಅವನ್ನು ಮಿಣುಕಿಸಲು ಒಂದು ಚಿಲ್ಲರೆ ಚಿಪ್ಪು, ಒಂದು ಗುಂಡಿ. ಕಾರಿನ ಮಾತುಕತೆ ನಡೆಯುವ ಎರಡು ಕಾಲುಗಳಿಂದ ಎಲ್ಲಿಗೂ ತಂತಿಯೇ ಹೋಗಿರಲಿಲ್ಲ. ಎಸ್.ಪಿ. ರೋಡಿನ ಗೆಳೆಯನ ನವಿಲೇ ಇದಕ್ಕಿಂತ ಮೇಲು, ಗರಿಯನ್ನಾದರೂ ಬಿಚ್ಚುತ್ತಿತ್ತು. ಹುಡುಗ ಅದನ್ನು ಮತ್ತೆ ಮುಚ್ಚಿಸಿಕೊಂಡು ಹೋಗಿ ಅಲ್ಲೇ ಚುಚ್ಚಿದ.

ನನ್ನ ಕೈಯಿಂದ ಆದ ದೊಡ್ಡ ತಪ್ಪು 2011ರದು. ಹಾಸನದ ಕಡೆಯವರ ಸಣ್ಣ ಡೀಸೆಲ್ ಕಾರು. ಕೆಳಗಿನ ವೇಗದಲ್ಲೇ ಎಳೆತ ಬೇಕು ಅಂದರು. ಬರೆದುಕೊಟ್ಟೆ. ರಸ್ತೆಯಲ್ಲಿ ಓಡಿಸಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು, ನನಗೇ ಹಿಗ್ಗು. ತಿಂಗಳ ಮೇಲೆ ಚಾರ್ಮಾಡಿಯ ಹತ್ತನೆಯದೋ ಹನ್ನೊಂದನೆಯದೋ ತಿರುವಿನಲ್ಲಿ ಕ್ಲಚ್ ಜಾರಿ, ಇಂಜಿನ್ನು ಕಿರುಚುತ್ತಾ ಗಾಡಿ ಮಾತ್ರ ನಿಂತಲ್ಲೇ ನಿಂತಿತು. ಸಂಜೆ, ಮಳೆ, ಒಳಗೆ ವಯಸ್ಸಾದ ತಾಯಿ. ಅವರು ಫೋನಿನಲ್ಲಿ ನನ್ನನ್ನು ಬೈಯಲಿಲ್ಲ. "ಸ್ವಾಮಿ, ಈಗ ಏನು ಮಾಡೋದು ಹೇಳಿ" ಅಂತಷ್ಟೇ ಕೇಳಿದರು. ಕಂಪನಿ ಬಿಟ್ಟಿದ್ದ ಆ ಎಳೆತ ಕ್ಲಚ್ಚಿನದು ಅಂತ ನನಗೆ ತಿಳಿದದ್ದು ಆವತ್ತು.

ಉಳಿದದ್ದನ್ನು ತಿಳಿಸಿದವನು ನನ್ನ ಅಕ್ಕನ ಮಗ. ಇಂಜಿನಿಯರಿಂಗ್ ಓದಿ ಈ ಮ್ಯಾಪುಗಳನ್ನೇ ಬರೆಯುವ ಕೆಲಸಕ್ಕೆ ಸೇರಿದ. ಜಗತ್ತಿನ ಎಷ್ಟೋ ಕಾರುಗಳ ಇಂಜಿನ್ ಕಂಪ್ಯೂಟರಿನ ತಂತ್ರಾಂಶ ಸಿದ್ಧವಾಗುವುದು ಬೆಂಗಳೂರಿನಲ್ಲೇ, ಕೋರಮಂಗಲ, ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಕಚೇರಿಗಳಲ್ಲಿ. ಅವರು ಹಾಕುವ ಗಂಟನ್ನು ಬಿಚ್ಚುವ ನಾವು ಅಲ್ಲಿಂದ ಹತ್ತು ಹದಿನೈದು ಕಿಲೋಮೀಟರ್ ಆಚೆ ಕೂತಿದ್ದೇವೆ. ಒಂದು ಭಾನುವಾರ ಊಟಕ್ಕೆ ಬಂದವನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ ಗುಡ್ಡದ ಸಾಲು ನೋಡಿದ. ಒಂದು ಕಡೆ ಬೆರಳಿಟ್ಟು, "ಮಾವ, ಈ ತಗ್ಗನ್ನು ಯಾಕೆ ತುಂಬಿಸಿದ್ರಿ?" ಅಂದ.

"ಸುಮ್ಮನೆ ಬಿಟ್ಟಿದ್ರು ಕಣೋ. ಅಲ್ಲಿ ಎಳೆತ ಸಾಲದು."

"ಸುಮ್ಮನೆ ಬಿಟ್ಟಿಲ್ಲ ಮಾವ. ಅದು ಲಡಾಖಿಂದು."

ಐದು ಸಾವಿರ ಮೀಟರಿಗೂ ಎತ್ತರದ ಕಣಿವೆದಾರಿಗಳಲ್ಲಿ ಗಾಳಿ ಅರ್ಧಕ್ಕರ್ಧ ತೆಳು. ಆ ಕೊರತೆಯನ್ನು ತುಂಬಲು ಟರ್ಬೋ ಮಿತಿಮೀರಿ ಸುತ್ತಿ ಸಿಡಿಯಬಾರದು ಅಂತ ಆ ತಗ್ಗು. ಇನ್ನೊಂದು ಮೂಲೆ ರಾಜಸ್ಥಾನದ ಮೇ ತಿಂಗಳಿನದು. ಇನ್ನೊಂದು, ಯಾವುದೋ ಹಳ್ಳಿಯ ಬಂಕಿನ ಕಲಬೆರಕೆ ಡೀಸೆಲ್ಲಿಗೆ. ಕೆಳಗಿನ ಅಂಚಿನ ಸಾಲು ಚಳಿಯದು. ಅದಕ್ಕಾಗಿ ಸ್ವೀಡನ್ನಿನ ಆರ್ಯೆಪ್ಲೂಗ್ ಎಂಬ ಊರಿನ ಹೆಪ್ಪುಗಟ್ಟಿದ ಕೆರೆಗಳ ಕಡೆಗೂ ಗಾಡಿ ಒಯ್ಯುತ್ತಾರಂತೆ. "ನೀವು ಕಾಲುಗಂಟೆಯಲ್ಲಿ ಬದಲಾಯಿಸೋ ಟೇಬಲ್ಲಿಗೆ ನಾವು ಎರಡು ಚಳಿಗಾಲ, ಎರಡು ಬೇಸಿಗೆ ಅಲೀತೀವಿ," ಎಂದು ಅನ್ನಕ್ಕೆ ಸಾರು ಬಡಿಸಿಕೊಂಡ. ಬೇರೆ ಯಾರದೋ ಅಂತ ಉಸ್ತಾದ್ ಹೇಳಿದ್ದರ ಅರ್ಥ ತಟ್ಟೆಯ ಮುಂದೆ ಕೂತು ಬಿಡಿಸಿಕೊಂಡೆ. ಉಸ್ತಾದ್ ಆಗ ಇರಲಿಲ್ಲ. 2003ರಲ್ಲೇ ಶ್ವಾಸಕೋಶದ ಕಾಯಿಲೆಯಲ್ಲಿ ಹೋಗಿದ್ದರು. ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರಾದ್ದರಿಂದ ಲಾರಿಯ ಹೊಗೆಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.

ಅವನ ಮಾತಿಗೆ ತಲೆದೂಗುವ ಹೊತ್ತಿಗೆ ಕಂಪನಿಗಳ ಮುಖಕ್ಕೇ ಮಸಿ ಬಿತ್ತು. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಮೂವರು ಸಂಶೋಧಕ ವಿದ್ಯಾರ್ಥಿಗಳು ಕ್ಯಾಲಿಫೋರ್ನಿಯಾದಲ್ಲಿ ಡೀಸೆಲ್ ಕಾರುಗಳ ಹಿಂದೆ ಹೊಗೆ ಅಳೆಯುವ ಯಂತ್ರವನ್ನೂ ಜನರೇಟರನ್ನೂ ಕಟ್ಟಿಕೊಂಡು ರಸ್ತೆಯಲ್ಲಿ ಓಡಿಸಿದರು. ಮೂವರಲ್ಲಿ ಒಬ್ಬರು ಹೇಮಂತ್ ಕಪ್ಪಣ್ಣ, ನಮ್ಮ ಬೆಂಗಳೂರಿನಲ್ಲಿ ಬೆಳೆದವರು. ಪ್ರಯೋಗಾಲಯದಲ್ಲಿ ಪಾಸಾಗುವ ಫೋಕ್ಸ್‌ವ್ಯಾಗನ್ ಜೆಟ್ಟಾ ರಸ್ತೆಗಿಳಿದರೆ ಮಿತಿಯ 15ರಿಂದ 35 ಪಟ್ಟು ನೈಟ್ರೋಜನ್ ಆಕ್ಸೈಡುಗಳನ್ನು ಉಗುಳುತ್ತಿತ್ತು. 2015ರ ಸೆಪ್ಟೆಂಬರಿನಲ್ಲಿ ಗುಟ್ಟು ರಟ್ಟಾಯಿತು. ಸ್ಟಿಯರಿಂಗು ತಿರುಗುತ್ತಿದೆಯೇ, ವೇಗ ಹೇಗೆ ಏರಿಳಿಯುತ್ತಿದೆ ಎಂಬುದನ್ನೆಲ್ಲ ನೋಡಿ, ಇದು ಪರೀಕ್ಷೆ ಎಂದು ಗುರುತಿಸಿ ಒಳ್ಳೆಯ ಮ್ಯಾಪಿಗೆ ಹೊರಳಿಕೊಳ್ಳುವ ಸಾಲುಗಳು ಕಂಪ್ಯೂಟರಿನೊಳಗೆ ಇದ್ದವು. ಆ ಡಿಸೆಂಬರಿನಲ್ಲಿ ಭಾರತದಲ್ಲೂ ಸುಮಾರು 3.23 ಲಕ್ಷ ಕಾರುಗಳನ್ನು ವಾಪಸ್ ಕರೆಸಿ ತಂತ್ರಾಂಶ ಬದಲಿಸುವುದಾಗಿ ಕಂಪನಿ ಹೇಳಿತು. ಸುದ್ದಿ ಓದಿದ ದಿನ ನಮ್ಮ ಗ್ಯಾರೇಜಿನಲ್ಲಿ ಒಂದು ಬಗೆಯ ಕೆಟ್ಟ ಖುಷಿ ಇತ್ತು, ಮುಚ್ಚಿಡುವುದಿಲ್ಲ. ಮೊಹರು ಒತ್ತುವವರೇ ಒಳಗಿನಿಂದ ತಂತಿ ಕತ್ತರಿಸಿದ್ದರು. ಸೊಂಟ ಬಗ್ಗಿಸಿ ಕೊಳವೆ ಓದಿ ಅದನ್ನು ಹಿಡಿದದ್ದು ಮೂವರು ಹುಡುಗರು. ಆ ಖುಷಿ ಮಾತ್ರ ಒಳ್ಳೆಯದೇ.

ಜರ್ಮನಿಯಲ್ಲಿ ಟ್ಯೂನಿಂಗ್ ಮಾಡಿಸಿದವನು ಟ್ಯೂವ್ ಎಂಬ ತಪಾಸಣಾ ಸಂಸ್ಥೆಯಲ್ಲಿ ಗಾಡಿ ತೋರಿಸಿ, ಹೆಚ್ಚಾದ ಕುದುರೆಯನ್ನು ಗಾಡಿಯ ಕಾಗದದಲ್ಲಿ ಬರೆಸಿಕೊಳ್ಳಬಹುದು. ನಮ್ಮಲ್ಲಿ ಹಾಗೆ ಬರೆಸಿಕೊಳ್ಳುವ ಸಲೀಸು ದಾರಿಯಿಲ್ಲ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. 2020ರ ಬಿಎಸ್ ಆರು ಎಂಬ ಹೊಗೆಯ ನಿಯಮದ ನಂತರದ ಪೆಟ್ಟಿಗೆಗಳ ಮೊಹರಂತೂ ಗಟ್ಟಿ, ಕಂಪನಿಯ ಗುಪ್ತ ಸಹಿ ಇಲ್ಲದ ಒಂದಕ್ಷರವನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೂ ದಾರಿ ಹುಡುಕುವವರು ಹುಡುಕುತ್ತಾರೆ. ಹೊಗೆ ಶುದ್ಧಿ ಮಾಡುವ ಫಿಲ್ಟರನ್ನು ಕಿತ್ತು, ಅದು ಇದೆ ಅಂತ ಕಂಪ್ಯೂಟರನ್ನು ನಂಬಿಸುವ ಕೆಲಸಕ್ಕೆ ದಿನಾ ಫೋನು ಬರುತ್ತದೆ. ನಾನು ಮಾಡುವುದಿಲ್ಲ. ಡಾಲ್ಡಾ ಡಬ್ಬಿಯಲ್ಲಿ ಈಗಾಗಲೇ ಬೇಕಾದಷ್ಟಿದೆ.

ಕಸುಬೂ ಅಂಚೆಯವನ ಕೆಲಸವಾಗಿದೆ. ಹುಡುಗರು ಇಟಲಿಯದೋ, ಅದರ ಚೀನೀ ನಕಲಿನದೋ ಯಂತ್ರ ಸಿಕ್ಕಿಸಿ ಫೈಲು ಓದಿ ಎಲ್ಲಿಗೋ ಕಳಿಸುತ್ತಾರೆ. ಅರ್ಧ ಗಂಟೆಯಲ್ಲಿ ತಿದ್ದಿದ ಫೈಲು ಬರುತ್ತದೆ, ಹಾಕಿ ಬಿಲ್ಲು ಮಾಡುತ್ತಾರೆ. ಅದರೊಳಗೆ ಲಡಾಖ್ ಇದೆಯೋ ತುಂಬಿಹೋಯಿತೋ ಕಳಿಸಿದವನಿಗೂ ಗೊತ್ತಿಲ್ಲ, ಹಾಕಿದವನಿಗೂ ಗೊತ್ತಿಲ್ಲ. ನಾನೂ ಅಂಥ ಇಬ್ಬರು ಹುಡುಗರನ್ನು ಇಟ್ಟುಕೊಂಡಿದ್ದೇನೆ.

ಹೋದ ವಾರ ಮೂಡಿಗೆರೆಯ ತೋಟದವರೊಬ್ಬರು ಹಳೆಯ ಮಹೀಂದ್ರ ಜೀಪು ತಂದರು. ಹುಡುಗ ಕೇಬಲ್ ಹಿಡಿದುಕೊಂಡು ಡ್ಯಾಶ್‌ಬೋರ್ಡಿನ ಕೆಳಗೆಲ್ಲ ತಡಕಾಡಿ, "ಸರ್, ಇದಕ್ಕೆ ಎಲ್ಲಿ ಚುಚ್ಚೋದು?" ಅಂದ. ಬಾನೆಟ್ ಎತ್ತಿದೆ. ಮೈಕೋ ಪಂಪು. ಮೊಹರು ಯಾವ ಕಾಲದಲ್ಲೋ ಹೋಗಿತ್ತು, ಸ್ಕ್ರೂವಿನ ಮರೆ ಐದು ಸುತ್ತು ಹೊರಗೆ ಕಾಣುತ್ತಿತ್ತು. ಜೀಪಿನ ಹಿಂದಿನ ಟಾರ್ಪಾಲು ಮಸಿಯಿಂದ ಕಪ್ಪಾಗಿತ್ತು. ಪಂಪು ಇಳಿಸಿ, ಬಟ್ಟೆ ಹೊದಿಸಿಟ್ಟಿದ್ದ ಬೆಂಚಿಗೆ ಕಟ್ಟಿ, ಸಾವಿರ ಹೊಡೆತ ಎಣಿಸಿ, ಹುಡುಗನಿಗೆ ಬಗ್ಗಿ ಓದಲು ಹೇಳಿದೆ. ಚಾರ್ಟಿಗೆ ತಂದು ನಿಲ್ಲಿಸಿದೆವು. ಓಡಿಸಿ ನೋಡಿದ ತೋಟದವರ ಮುಖ ಸಣ್ಣದಾಯಿತು.

"ಹೊಗೆಯೇನೋ ನಿಂತಿತು. ಆದರೆ ಘಾಟಿ ಹತ್ತಬೇಕಲ್ಲ ಮಾರಾಯ್ರೆ, ಸ್ವಲ್ಪ ಬಿಡಿ."

ಆಗೋಲ್ಲ ಅಂದೆ. ಅವರು ಸುಮ್ಮನೆ ನಿಂತೇ ಇದ್ದರು. ಪಂಪನ್ನು ಮತ್ತೆ ಬೆಂಚಿಗೆ ಕಟ್ಟಿ ಒಂದು ಸಿಸಿ ಬಿಟ್ಟೆ.